ಹೇಲೋ ಇಲ್ಲದ ಇಪ್ಪತ್ಮೂರು ಗೆಲಾಕ್ಸಿಗಳು

2022ರ ಜೂನ್‌ನಲ್ಲಿ ನಾನು ಚಾಮರಾಜನಗರದ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥನಾಗಿದ್ದೆ.

ಈ ವಾಕ್ಯ ಬರೆದ ಮೇಲೆ ಹಳೆಯ ಮೇಲ್‌ಗಳನ್ನು ತೆಗೆದು ನೋಡಿದೆ. ನಾನು ಹೇಳಹೊರಟದ್ದು ನಡೆದದ್ದು ಜೂನ್‌ನಲ್ಲಲ್ಲ, ಆಗಸ್ಟ್‌ನಲ್ಲಿ. ಮುಖ್ಯಸ್ಥನೂ ಅಲ್ಲ, ಪ್ರಭಾರ ಮುಖ್ಯಸ್ಥ. ಮೊದಲ ಸಾಲಿನಲ್ಲೇ ಎರಡು ತಪ್ಪು, ಎರಡೂ ನನಗೆ ಅನುಕೂಲವಾದವು. ಜೂನ್ ಎಂದಿಟ್ಟುಕೊಂಡರೆ ಆಮೇಲೆ ಎಲ್ಲವನ್ನೂ ಸರಿಪಡಿಸಲು ಬೇಕಾದಷ್ಟು ಕಾಲವಿತ್ತು ಎಂದಾಗುತ್ತದೆ. ಇರಲಿಲ್ಲ. ಆದ್ದರಿಂದ ಮುಂದಕ್ಕೆ ಕಾಗದದಲ್ಲಿ ಇರುವುದು ಯಾವುದು, ನನ್ನ ತಲೆಯಲ್ಲಿ ಮಾತ್ರ ಇರುವುದು ಯಾವುದು ಎಂದು ಸಾಧ್ಯವಾದಷ್ಟು ಬೇರೆ ಮಾಡಿ ಹೇಳುತ್ತೇನೆ. ತಲೆಯಲ್ಲಿ ಇರುವುದನ್ನು ನೀವು ಅನುಮಾನದಿಂದಲೇ ಓದಬೇಕು.

ನನ್ನ ಮನೆ ಗುಂಡ್ಲುಪೇಟೆಯಲ್ಲಿ. ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ದಿನಾ ಚಾಮರಾಜನಗರಕ್ಕೆ ಹೋಗಿಬರುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವರು ಏನು ಪಾಠ ಮಾಡುತ್ತೀರಿ ಎಂದು ಕೇಳಿದರೆ ಫಿಸಿಕ್ಸ್ ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಸಂಶೋಧನೆಯ ವಿಷಯ ಹೇಳಲು ಹೋದರೆ ತೆರಕಣಾಂಬಿ ದಾಟಿದರೂ ಮುಗಿಯುತ್ತಿರಲಿಲ್ಲ. ಇಲ್ಲಿ ಹೇಳಲೇಬೇಕು.

ನಮ್ಮದು ದೂರದರ್ಶಕದ ಕೆಲಸವಲ್ಲ. ಹೊರದೇಶದ ಸೂಪರ್ ಕಂಪ್ಯೂಟರುಗಳಲ್ಲಿ ವಿಶ್ವದ ಒಂದು ತುಂಡನ್ನು ದೊಡ್ಡ ಪೆಟ್ಟಿಗೆಯಂತೆ ಕಲ್ಪಿಸಿಕೊಂಡು, ಅದರೊಳಗೆ ಕೋಟಿಗಟ್ಟಲೆ ಕಣಗಳನ್ನು ಹರಡಿ, ಗುರುತ್ವಾಕರ್ಷಣೆಯ ನಿಯಮಗಳನ್ನು ಕೊಟ್ಟು ಓಡಲು ಬಿಡುತ್ತಾರೆ. ಇದಕ್ಕೆ ಸಿಮ್ಯುಲೇಶನ್ ಎಂದು ಹೆಸರು. ಕಣಗಳಲ್ಲಿ ಹೆಚ್ಚಿನವು ಡಾರ್ಕ್ ಮ್ಯಾಟರ್, ಅಂದರೆ ಬೆಳಕು ಕೊಡದ, ತೂಕದಿಂದ ಮಾತ್ರ ಗೊತ್ತಾಗುವ ದ್ರವ್ಯ. ಅದು ಅಲ್ಲಲ್ಲಿ ಕೂಡಿ ಮುದ್ದೆಗಟ್ಟುತ್ತದೆ. ಅಂಥ ಮುದ್ದೆಯನ್ನು ಹೇಲೋ ಎನ್ನುತ್ತೇವೆ. ಹೇಲೋದ ನಡುವಿಗೆ ಅನಿಲ ಇಳಿದು, ತಣಿದು, ನಕ್ಷತ್ರಗಳಾಗಿ ಗೆಲಾಕ್ಸಿ ಹುಟ್ಟುತ್ತದೆ. ಕೊನೆಗೆ ಇನ್ನೊಂದು ಪ್ರೋಗ್ರಾಂ ಪೆಟ್ಟಿಗೆಯನ್ನೆಲ್ಲ ಜಾಲಾಡಿ ಸಿಕ್ಕಿದ್ದಕ್ಕೆಲ್ಲ ನಂಬರ್ ಕೊಟ್ಟು ಪಟ್ಟಿ ಮಾಡುತ್ತದೆ. ಒಂದು ಸಾಲಿಗೆ ಒಂದು ಗೆಲಾಕ್ಸಿ, ಒಂದು ಕಾಲಂಗೆ ಅದರ ಒಂದು ಗುಣ. ಈ ಪಟ್ಟಿಯ ಹೆಸರು ಕ್ಯಾಟಲಾಗ್. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಮ್ಮಂಥ ಸಣ್ಣ ಊರಿನ ವಿಭಾಗಕ್ಕೆ ಗೆಲಾಕ್ಸಿಗಳ ಮೇಲೆ ಕೆಲಸ ಮಾಡಲು ಸಾಧ್ಯವಾದದ್ದು ಇದರಿಂದಲೇ.

ವಿಭಾಗದಲ್ಲಿ ಈ ಕೆಲಸದ ಭಾರ ತಾಳುವಂಥ ಕಂಪ್ಯೂಟರ್ ಒಂದೇ ಇತ್ತು. ಅದಕ್ಕೊಂದು ರಿಜಿಸ್ಟರ್. ಕೂತವರು ಹೆಸರು, ಸಮಯ, ಯಾವ ಫೈಲ್ ಮುಟ್ಟಿದೆ, ಏನು ಮಾಡಿದೆ ಎಂದು ಬರೆದು ಸಹಿ ಹಾಕಬೇಕು. ಹಾರ್ಡ್‌ಡಿಸ್ಕ್ ಒಂದು ಸುಟ್ಟುಹೋಗಿ ಯಾರೂ ಬಾಯಿ ಬಿಡದಿದ್ದ ಮೇಲೆ ಈ ನಿಯಮ ಮಾಡಿದವನು ನಾನು. ನಡೆಸಿಕೊಂಡು ಹೋದವರು ಲ್ಯಾಬ್ ಸಹಾಯಕ ನಾಗಮಲ್ಲಪ್ಪ. ಮೇಷ್ಟ್ರುಗಳು ಮಾತ್ರ ಸಹಿ ಹಾಕುತ್ತಿರಲಿಲ್ಲ. ಹಾಕಬೇಡಿ ಎಂದು ಯಾರೂ ಹೇಳಿರಲಿಲ್ಲ. ಹಾಗೇ ನಡೆದುಕೊಂಡು ಬಂದಿತ್ತು.

ಸೌಭಾಗ್ಯ ನನ್ನ ಪಿಎಚ್.ಡಿ. ವಿದ್ಯಾರ್ಥಿನಿ. ಉಮ್ಮತ್ತೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ದೊಡ್ಡ ಗೆಲಾಕ್ಸಿಗಳ ಸುತ್ತ ತಿರುಗುವ ಪುಟ್ಟ ಗೆಲಾಕ್ಸಿಗಳಲ್ಲಿ ಡಾರ್ಕ್ ಮ್ಯಾಟರಿನ ಪಾಲು ಎಷ್ಟು ಎಂದು ನೋಡುವುದು ಆಕೆಯ ವಿಷಯ. ಆ ವರ್ಷದ ಜುಲೈನಲ್ಲಿ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. ಅದರಲ್ಲಿ ಇಪ್ಪತ್ಮೂರು ನಂಬರುಗಳು. ಇಪ್ಪತ್ಮೂರು ಪುಟ್ಟ ಗೆಲಾಕ್ಸಿಗಳು, ನಕ್ಷತ್ರಗಳಿವೆ, ಡಾರ್ಕ್ ಮ್ಯಾಟರ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹೇಲೋ ಇಲ್ಲದೆ ಗೆಲಾಕ್ಸಿ ಹುಟ್ಟುವುದೆಂದರೆ ಅಡಿಪಾಯವಿಲ್ಲದೆ ಮನೆ ಎದ್ದಂತೆ. ನಾನು ಎದ್ದುನಿಂತೆ ಎಂದು ನನ್ನ ನೆನಪು. ಆಕೆ ಕೂತೇ ಇದ್ದಳು.

"ಇವು ಸಾಚಾನಾ ನೋಡ್ಬೇಕು ಸಾ. ನಂಗ್ಯಾಕೋ ಅನ್ಮಾನ," ಎಂದಳು.

ಈ ಮಾತು ಆಕೆಯ ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಇದೆ. ನನಗೆ ಕೇಳಿಸಿದ ನೆನಪಿಲ್ಲ. ನಾನು ಆ ವಾರವೇ ಲೇಖನದ ಕರಡು ಮಾಡಿ ಬೆಂಗಳೂರಿನ ಒಬ್ಬ ಪರಿಣತರಿಗೆ ಕಳಿಸಿದೆ. ಆಗಸ್ಟ್ ಎರಡನೆಯ ವಾರ ಉತ್ತರ ಬಂತು, ನಾಲ್ಕೇ ಸಾಲು. ಅದೇ ಸಿಮ್ಯುಲೇಶನ್ ಮೇಲೆ ನಾವೂ ಕೆಲಸ ಮಾಡಿದ್ದೇವೆ, ನಮ್ಮ ಪಟ್ಟಿಯಲ್ಲಿ ಈ ಇಪ್ಪತ್ಮೂರರಲ್ಲಿ ಎರಡು ಮಾತ್ರ ಇವೆ, ಉಳಿದವು ನಿಮ್ಮಲ್ಲಿಗೆ ಹೇಗೆ ಬಂದವು, ಯಾರಾದರೂ ಕೈಯಿಂದ ಸೇರಿಸಿದ್ದಾರೆಯೇ ದಯವಿಟ್ಟು ಪರಿಶೀಲಿಸಿ.

"ಯಾರಾದರೂ" ಎಂದು ಓದಿದ ಕೂಡಲೇ ನನ್ನ ತಲೆಯಲ್ಲಿ ಬಂದ ಹೆಸರು ಒಂದೇ. ಆಮೇಲೆ ನಾನು ಮಾಡಿದ್ದು ತನಿಖೆಯಲ್ಲ, ಆ ಹೆಸರಿಗೆ ಒಪ್ಪುವ ಕಾರಣಗಳನ್ನು ಕೂಡಿಸಿದ್ದು. ಬೇಕಾದಷ್ಟು ಸಿಕ್ಕವು. ಆಕೆಯ ಫೆಲೋಶಿಪ್ ಡಿಸೆಂಬರಿಗೆ ಮುಗಿಯುತ್ತಿತ್ತು. ಉಪನ್ಯಾಸಕರ ನೇಮಕಾತಿ ಹತ್ತಿರದಲ್ಲಿದೆ, ಅದಕ್ಕೆ ಪಿಎಚ್.ಡಿ. ಬೇಕು ಎಂಬ ಮಾತಿತ್ತು. ಫೈಲನ್ನು ಜುಲೈನ ಒಂದು ಭಾನುವಾರ ತಿದ್ದಿರುವುದಾಗಿ ಕಂಪ್ಯೂಟರ್ ತೋರಿಸುತ್ತಿತ್ತು. ಒಮ್ಮೆ ನಾನು ಹಿಂದೆ ಹೋಗಿ ನಿಂತಾಗ ಸ್ಕ್ರೀನ್ ಮುಚ್ಚಿದ್ದಳು.

ನಾಗಮಲ್ಲಪ್ಪನವರನ್ನು ಕರೆದು ಕೇಳಿದೆ. "ಭಾನುವಾರ ಸೌಭಾಗ್ಯ ಬಂದಿದ್ದಳಾ?"

"ಬಂದಿದ್ಲು ಸಾ. ರಿಜಿಸ್ಟ್ರಲ್ ಬರ್ದವ್ಳಲ್ಲ. ಬೀಗ ತಗ್ದವ್ನೇ ನಾನು."

"ಏನು ಮಾಡಿದಳು?"

"ಏನ್ ಮಾಡ್ತಾಳೆ? ಆ ಬಿಳಿ ಚುಕ್ಕಿಗಳ್ನೇ ನೋಡ್ಕಂಡು ಕುಂತಿದ್ಲು. ಬಾರಮ್ಮಿ ಟೀ ಕುಡ್ಕಂಡ್ ಬರನ ಅಂದ್ರೂ ಏಳ್ನಿಲ್ಲ." ನನ್ನ ಮುಖ ನೋಡಿದರು. "ಯಾಕ್ ಸಾ, ಏನಾರ ಕಳ್ದೋಗದಾ?"

"ಕಳೆದಿಲ್ಲ. ಜಾಸ್ತಿ ಬಂದಿವೆ."

"ಜಾಸ್ತಿ ಬಂದ್ರೆ ಒಳ್ಳೇದೇ ಅಲ್ವಾ ಸಾ?"

ನಗಬೇಕಾದ ಮಾತು. ನನಗೆ ಅದರಲ್ಲೂ ಅನುಮಾನ ಬಂತು, ಇವರಿಗೂ ಗೊತ್ತಿರಬಹುದೆ, ಇಬ್ಬರೂ ಸೇರಿದ್ದಾರೆಯೆ ಎಂದು. ಅನುಮಾನದ ಸ್ವಭಾವವೇ ಹಾಗೆ. ಹೊಸ ಮಾಹಿತಿ ಯಾವುದೇ ಬರಲಿ, ತನ್ನ ಕಡೆಗೇ ಎಳೆದುಕೊಳ್ಳುತ್ತದೆ.

ಮಾರನೆಯ ದಿನ ಸೌಭಾಗ್ಯಳನ್ನು ಕರೆಸಿದೆ.

"ಈ ಇಪ್ಪತ್ಮೂರು ಎಲ್ಲಿಂದ ಬಂದವು?"

"ನೀವ್ ಕೊಟ್ ಫೈಲಿಂದ ಸಾ."

"ಬೆಂಗಳೂರಿನವರ ಪಟ್ಟಿಯಲ್ಲಿ ಎರಡೇ ಇವೆಯಂತೆ."

"ಅಂಗಾರೆ ಅವ್ರ ಪಟ್ಟಿ ಬೇರೆ ಇರ್ಬೇಕು."

"ಹೇಗೆ ಬೇರೆಯಾಗುತ್ತದೆ? ಎಲ್ಲರೂ ಇಳಿಸಿಕೊಂಡದ್ದು ಒಂದೇ ಕಡೆಯಿಂದ."

"ಒಂದೇನಾ ಸಾ?"

ಆ ಎರಡು ಶಬ್ದ ನನಗೆ ಉದ್ಧಟತನವಾಗಿ ಕೇಳಿಸಿತು. ಅದು ನಿಜವಾದ ಪ್ರಶ್ನೆಯಾಗಿತ್ತು. ಆಕೆ ನಾಲ್ಕು ದಿನ ಟೈಮ್ ಕೊಡಿ, ಒಂದೊಂದರ ಹಿಂದಿನ ಚರಿತ್ರೆ ತೆಗೆದು ನೋಡ್ತೀನಿ ಎಂದಳು. ಕೊಟ್ಟೆ ಎಂದು ನಾನು ಆಮೇಲೆ ಹಲವರಿಗೆ ಹೇಳಿದ್ದೇನೆ. ಕಚೇರಿಯ ಟಪಾಲು ಪುಸ್ತಕ ಬೇರೆ ಹೇಳುತ್ತದೆ. ಸಂಶೋಧನಾ ಸಮಿತಿಗೆ ನಾನು ಬರೆದ ಪತ್ರ ಮಾರನೆಯ ದಿನವೇ ಹೊರಟಿದೆ. ಅದರಲ್ಲಿ, ಈ ವಿದ್ಯಾರ್ಥಿನಿಯ ದತ್ತಾಂಶದ ಸಾಚಾತನ ಅನುಮಾನಾಸ್ಪದವಾಗಿದೆ, ಪ್ರಬಂಧ ಸಲ್ಲಿಸುವ ಅನುಮತಿಯನ್ನು ತಡೆಹಿಡಿಯಬೇಕು ಎಂದಿದೆ. ಒಂದು ಪ್ರತಿ ವಿದ್ಯಾರ್ಥಿನಿಗೂ ಹೋಗಿದೆ. ಕೆಳಗೆ ನನ್ನ ಸಹಿ. ಸಹಿ ಹಾಕದೆ ಇರುವ ಅಭ್ಯಾಸ ನನಗೆ ರಿಜಿಸ್ಟರಿನಲ್ಲಿ ಮಾತ್ರ ಇತ್ತು.

ಇದರ ಅರ್ಥ ಸಂಶೋಧನಾ ಕ್ಷೇತ್ರದಲ್ಲಿರುವವರಿಗೆ ಗೊತ್ತು. ಲೆಕ್ಕ ತಪ್ಪಿದೆ ಎಂದರೆ ತಿದ್ದಬಹುದು. ದತ್ತಾಂಶ ಸೃಷ್ಟಿಸಿದ್ದಾಳೆ ಎಂಬ ಮಾತು ಒಮ್ಮೆ ಅಂಟಿದರೆ ಮೂರೂವರೆ ವರ್ಷದ ಕೆಲಸವಷ್ಟೇ ಅಲ್ಲ, ಮುಂದೆ ಆಕೆ ಬಾಗಿಲು ತಟ್ಟುವ ಪ್ರತಿ ಕಾಲೇಜಿಗೂ ಆ ಮಾತು ಆಕೆಗಿಂತ ಮೊದಲೇ ಹೋಗಿ ಕೂತಿರುತ್ತದೆ.

ಮೂರನೆಯ ದಿನ ಮಧ್ಯಾಹ್ನ ಆಕೆಯ ತಂದೆ ಬಂದರು. ಹೆಸರು ಮಾದಯ್ಯ, ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ. ಕಾರ್ಖಾನೆಯ ಬಟ್ಟೆಯಲ್ಲೇ ಇದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅಳುತ್ತಾರೆ, ಕಾಲಿಗೆ ಬೀಳುತ್ತಾರೆ ಎಂದು ಅಂಜಿದ್ದೆ. ಅವರು ಬಂದದ್ದು ವಿಚಾರಣೆಗೆ.

"ನನ್ ಮಗ್ಳು ಕದ್ದವ್ಳೆ ಅಂತ ಕಾಗ್ದ ಬರ್ದಿದ್ದೀರಂತಲ್ಲ ಸಾ. ಏನ್ ಕದ್ದವ್ಳೆ? ವಸ್ತು ತೋರ್ಸಿ."

"ಕದ್ದಿದ್ದಾಳೆ ಅಂತಲ್ಲ ಮಾದಯ್ಯ. ಇಲ್ಲದ್ದನ್ನ ಸೇರಿಸಿದ್ದಾಳೆ ಅಂತ ಅನುಮಾನ."

"ಏನ ಸೇರ್ಸುದ್ಲು?"

"ಗೆಲಾಕ್ಸಿ. ನಕ್ಷತ್ರಗಳ ಗುಂಪು. ಇಪ್ಪತ್ಮೂರು."

"ಆಕಾಸುಕ್ಕಾ?"

"ಆಕಾಶಕ್ಕಲ್ಲ. ಫೈಲಿಗೆ."

ಅವರು ಇದನ್ನು ಮನಸ್ಸಿನಲ್ಲಿ ತೂಗಿ ನೋಡುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. "ಆ ಫೈಲು ಅವ್ಳಿಗೆ ಕೊಟ್ಟೋರ್ ಯಾರು?"

"ನಾನು."

"ನಿಮ್ಗೆ?"

"ಇಂಟರ್‌ನೆಟ್‌ನಿಂದ."

"ನೋಡಿ ಸಾ, ನಾನು ಓದಿಲ್ಲ. ನಮ್ ಗೋಡೌನಲ್ಲಿ ಲಾರಿ ಇಳ್ಸುವಾಗ ಒಂದ್ ಬಾಕ್ಸ್ ಜಾಸ್ತಿ ಬಂತು ಅನ್ನಿ. ಇಳ್ಸಿದೋನ ಕುತ್ಗೆಪಟ್ಟಿ ಇಡ್ಕಳಲ್ಲ ನಾವು. ಮೊದ್ಲು ಕಳ್ಸಿದೋರ್ಗೆ ಫೋನ್ ಮಾಡ್ತೀವಿ. ನೀವು ಫೋನ್ ಮಾಡುದ್ರಾ?"

ಮಾಡಿರಲಿಲ್ಲ. ಕಳಿಸಿದವನು ನಾನೇ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅವರು ಪಾಳಿಗೆ ಹೊತ್ತಾಯಿತು ಎಂದು ಹೊರಟುಹೋದರು.

ಅದಾದ ಮೇಲೆ ನಾನು ಲ್ಯಾಬಿಗೆ ಹೋಗಿ ಹಳೆಯ ರಿಜಿಸ್ಟರ್ ಕೇಳಿದೆ. ಕ್ಯಾಟಲಾಗ್ ಇಳಿಸಿಕೊಂಡದ್ದು 2019ರಲ್ಲಿ, ಸೌಭಾಗ್ಯ ಸೇರುವುದಕ್ಕೆ ಕೆಲವೇ ದಿನ ಮೊದಲು. ನಾಗಮಲ್ಲಪ್ಪ ಕಬ್ಬಿಣದ ಬೀರುವಿನಿಂದ ಅದನ್ನು ತೆಗೆದರು, ಆದರೆ ಕೈಗೆ ಕೊಡದೆ ಹಿಡಿದುಕೊಂಡೇ ನಿಂತರು.

"ಏನ್ ನೋಡ್ಬೇಕಿತ್ತು ಸಾ?"

"ಮಾರ್ಚ್ ತಿಂಗಳದ್ದು."

"ಮಾರ್ಚ್ ತಿಂಗ್ಳಲ್ಲಿ ನಾನೊಂದ್ ಬರ್ದಿವ್ನಿ. ಬೇಜಾರ್ ಮಾಡ್ಕಬಾರ್ದು."

ಪೆನ್ಸಿಲಿನಲ್ಲಿ ಬರೆದ ಸಾಲು, ಸಣ್ಣ ಅಕ್ಷರ. ಇದ್ದ ಹಾಗೇ ಇಲ್ಲಿ ಕೊಡುತ್ತೇನೆ: "ಮೇಷ್ಟ್ರು 11ರಿಂದ 4 ಕುಂತಿದ್ರು. ದೊಡ್ಡ ಫೈಲು ತೆರಿತಾ ಇಲ್ಲ ಅಂತ ಚಿಕ್ಕದು ಮಾಡಿದ್ರು. 24 ಕಾಲಂ ಇತ್ತು, 11 ಮಾಡಿದ್ರು. ಯುಪಿಎಸ್ ಎರಡು ಸಲ ಕೂಗ್ತು. ಸಹಿ ಇಲ್ಲ."

"ಯಾಕೆ ಬರೆದಿರಿ ಇದನ್ನ?" ಎಂದು ಕೇಳಿದೆ.

"ನಾಳೆ ಮಿಷಿನ್ ಕೆಟ್ರೆ ನನ್ ತಲೆಗ್ ಕಟ್ತೀರಲ್ಲ ಸಾ. ನೀವ್ ಸಹಿ ಆಕಲ್ಲ, ಕೇಳುಕ್ಕೆ ನಂಗ್ ಧೈರ್ಯ ಇಲ್ಲ. ಅದ್ಕೆ ಪೆನ್ಸಿಲ್ಲು. ಬೈದ್ರೆ ಅಳಿಸ್ಬುಡನ ಅಂತ."

ಹೀಗೆ ಮೇಷ್ಟ್ರುಗಳು ಕೂತ ದಿನಗಳೆಲ್ಲ ಆ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಇದ್ದವು. ನಾವು ಯಾರೂ ಒಮ್ಮೆಯೂ ತೆಗೆದು ನೋಡಿರಲಿಲ್ಲ. ನಾನು ವಿದ್ಯಾರ್ಥಿಗಳ ಮೇಲೆ ಕಣ್ಣಿಡಲು ಮಾಡಿದ ಪುಸ್ತಕದಲ್ಲಿ ಅವರು ನಮ್ಮ ಮೇಲೆ ಕಣ್ಣಿಟ್ಟಿದ್ದರು.

ಈಗ ಆ ಮಾರ್ಚ್ ದಿನ ನನಗೆ ಸ್ಪಷ್ಟವಾಗಿ ನೆನಪಿದೆ. ಸೆಖೆ, ಕಿಟಕಿಯಾಚೆ ಯಾರದೋ ಸ್ಕೂಟರ್, ಯಂತ್ರ ಮತ್ತೆ ಮತ್ತೆ ನಿಲ್ಲುತ್ತಿರುವುದು. ಇಷ್ಟು ಸ್ಪಷ್ಟವಾಗಿದೆ ಎಂಬುದೇ ನನ್ನ ಅನುಮಾನಕ್ಕೆ ಕಾರಣ. ಪೆನ್ಸಿಲ್ ಸಾಲು ಓದುವ ಮೊದಲು ಇದರಲ್ಲಿ ಒಂದೂ ನೆನಪಿರಲಿಲ್ಲ. ಓದಿದ ಮೇಲೆ ನನ್ನ ತಲೆ ಆ ಐದು ಗಂಟೆಗಳಿಗೆ ಬೇಕಾದ ಸೆಖೆಯನ್ನೂ ಸ್ಕೂಟರನ್ನೂ ತಾನೇ ಒದಗಿಸಿರಬೇಕು.

ಆದರೆ ಆ ದಿನ ಏನು ಯೋಚಿಸಿದ್ದೆ ಎಂದು ಊಹಿಸಲು ನೆನಪು ಬೇಕಿಲ್ಲ. ಮೂಲ ಕ್ಯಾಟಲಾಗಿನಲ್ಲಿ ಒಂದು ಕಾಲಂ ತುಂಬ ಒಂದು, ಒಂದು, ಒಂದು ಎಂದೇ ಇರುತ್ತದೆ. ಮೇಲಿನ ನೂರಾರು ಸಾಲುಗಳನ್ನು ನೋಡಿದರೂ ಬೇರೆ ಅಂಕಿ ಕಾಣದು. ಎಲ್ಲ ಸಾಲಿನಲ್ಲೂ ಒಂದೇ ಅಂಕಿ ಇರುವ ಕಾಲಮನ್ನು ಯಾಕೆ ಹೊರಬೇಕು? ತೆಗೆದೆ. ಪಟ್ಟಿಯಲ್ಲಿ ದೊಡ್ಡ ಗೆಲಾಕ್ಸಿಗಳು ಮೊದಲು ಬರುತ್ತವೆ. ಸೊನ್ನೆಗಳು ಶುರುವಾಗುವುದು ತೀರ ಕೆಳಗೆ, ಪುಟ್ಟವುಗಳ ನಡುವೆ. ಒಂದು ಎಂದರೆ ಇದು ತನ್ನದೇ ಹೇಲೋದಲ್ಲಿ ಹುಟ್ಟಿದ ಗೆಲಾಕ್ಸಿ. ಸೊನ್ನೆ ಎಂದರೆ ಇದು ದೊಡ್ಡ ಗೆಲಾಕ್ಸಿಯ ಮೈಯಲ್ಲೇ ಗಂಟುಕಟ್ಟಿದ ತುಂಡು, ಹುಡುಕುವ ಪ್ರೋಗ್ರಾಂ ಏಮಾರಿ ಇದಕ್ಕೂ ನಂಬರ್ ಕೊಟ್ಟಿದೆ, ಎಣಿಸಬೇಡಿ ಎಂಬ ಎಚ್ಚರಿಕೆ. ಸಿಮ್ಯುಲೇಶನ್ ಮಾಡಿದವರು ಬರೆದಿಟ್ಟ ಆ ಎಚ್ಚರಿಕೆಯನ್ನು ಕಿತ್ತುಹಾಕಿ ಉಳಿದದ್ದನ್ನು ಒಂದು ಪೆನ್ ಡ್ರೈವಿನಲ್ಲಿ ಸೌಭಾಗ್ಯಳ ಕೈಗೆ ಕೊಟ್ಟಿದ್ದೆ.

ಆಕೆ ನಾಲ್ಕನೆಯ ದಿನ ಬಂದಳು. ಒಂದೊಂದು ಗೆಲಾಕ್ಸಿಯ ಚರಿತ್ರೆ, ಅಂದರೆ ಅದು ಹಿಂದಿನ ಹಂತಗಳಲ್ಲಿ ಎಲ್ಲಿತ್ತು ಹೇಗಿತ್ತು ಎಂಬುದು, ಸಣ್ಣ ಫೈಲಾಗಿ ಪ್ರತ್ಯೇಕವಾಗಿ ಸಿಗುತ್ತದೆ. ಅವನ್ನು ಫೋನಿನ ಹಾಟ್‌ಸ್ಪಾಟಿನಲ್ಲಿ ಇಳಿಸಿಕೊಂಡು ಇಪ್ಪತ್ಮೂರನ್ನೂ ಹಿಂದಕ್ಕೆ ಓಡಿಸಿದ್ದಳು.

"ಇಪ್ಪತ್ತೊಂದಕ್ಕೆ ಹುಟ್ಟೇ ಇಲ್ಲ ಸಾ," ಎಂದಳು. "ಇಂದಕ್ಕೆ ಓಯ್ತಾ ಓಯ್ತಾ ಎಲ್ವೂ ಯಾವ್ದೋ ದೊಡ್ ಗೆಲಾಕ್ಸಿ ಒಟ್ಟೆ ಒಳ್ಗೇ ನಿಂತೋಯ್ತವೆ. ಅವು ಗೆಲಾಕ್ಸಿನೇ ಅಲ್ಲ. ಉಳ್ದ ಎರಡು ಮಾತ್ರ ಬೇರೆ. ಅವಕ್ಕೆ ಮೊದ್ಲು ಹೇಲೋ ಇತ್ತು, ಚೆನ್ನಾಗೇ ಇತ್ತು. ದೊಡ್ಡದರ ಅತ್ರ ಅತ್ರ ಸುತ್ತುವಾಗ ಅದು ಕಿತ್ಕಂಡ್ಬುಟ್ಟದೆ."

ಹೇಲೋ ಹೊರಗಿನಿಂದ ಸುಲಿದುಹೋಗುತ್ತದೆ, ನಡುವಿನಲ್ಲಿ ಬಿಗಿಯಾಗಿ ಕೂತ ನಕ್ಷತ್ರಗಳು ಕೊನೆಯವರೆಗೆ ಉಳಿಯುತ್ತವೆ. ಬೆಂಗಳೂರಿನವರ ಪಟ್ಟಿಯಲ್ಲಿದ್ದ ಎರಡು ಅವೇ.

"ಇಷ್ಟು ಯಾವಾಗ ಗೊತ್ತಾಯಿತು?"

"ಮೊನ್ನೆನೇ."

"ಮೊನ್ನೆಯೇ ಯಾಕೆ ಹೇಳಲಿಲ್ಲ?"

"ಯೋಳಿದ್ರೆ ನಂಬ್ತಿದ್ರಾ ಸಾ?"

ಆಮೇಲೆ ನೋಟ್‌ಬುಕ್ ತೆಗೆದು 2019ರ ಪುಟ ತೋರಿಸಿದಳು. "ಕೈಪಿಡಿಯಲ್ಲಿ 24 ಕಾಲಂ ಎಂದಿದೆ, ನಮ್ಮ ಫೈಲಿನಲ್ಲಿ 11. ಸರ್ ಅವರನ್ನು ಕೇಳಿದೆ. ಬೇಕಾದಷ್ಟು ಇದೆ, ಕೆಲಸ ಮಾಡು ಎಂದರು." ನಾನು ಹಾಗೆ ಹೇಳಿದ್ದೆನೆ? ನೆನಪಿಲ್ಲ. ಹೇಳುವವನಂತೆ ಇದ್ದೆ.

ಅಂದೇ ಸಮಿತಿಗೆ ಎರಡನೆಯ ಪತ್ರ ಬರೆದು ಆಕೆಗೆ ತೋರಿಸಿದೆ. ವಿಭಾಗದಲ್ಲಿ ದತ್ತಾಂಶ ಇಳಿಸಿಕೊಳ್ಳುವ ಹಂತದಲ್ಲಿ ಆದ ತಾಂತ್ರಿಕ ದೋಷದಿಂದ ಗೊಂದಲ ಉಂಟಾಗಿತ್ತು, ವಿದ್ಯಾರ್ಥಿನಿಯ ಮೇಲೆ ಅನುಮಾನವಿಲ್ಲ, ಎಂದು. ಆಕೆ ಎರಡು ಸಲ ಓದಿ ಮೇಜಿನ ಮೇಲೆ ಇಟ್ಟಳು.

"ವಿಭಾಗ ಅಂದ್ರೆ ಯಾರ್ ಸಾ?"

"ಅಂದರೆ?"

"ನಾಳಿಕ್ ಸಮಿತಿಯೋರು ಇದ್ನ ಓದ್ತಾರೆ. ವಿಭಾಗ ಅಂದ್ರೆ ನಾನು, ನಾಗಮಲ್ಲಪ್ಪಣ್ಣ ಅಂತ್ಲೇ ತಿಳ್ಕತಾರೆ. ನೀವು ಅಂತ ಯಾರೂ ತಿಳ್ಕಳಲ್ಲ. ನನ್ ಮೇಲ್ ಬರ್ದಾಗ ವಿಭಾಗ ಅಂತ ಬರ್ದಿರ್ನಿಲ್ಲ. ಪೂರ್ತಿ ಎಸ್ರು, ರಿಜಿಸ್ಟ್ರೇಶನ್ ನಂಬ್ರ ಎಲ್ಲ ಆಕಿದ್ರಿ."

ನಾಗಮಲ್ಲಪ್ಪ ಬಾಗಿಲಲ್ಲೇ ನಿಂತಿದ್ದರು. ನಾನು ಆ ಹಾಳೆ ಹರಿದು ಇನ್ನೊಂದು ಬರೆದೆ. ಕ್ಯಾಟಲಾಗಿನ ಹದಿಮೂರು ಕಾಲಂಗಳನ್ನು ನಾನು ತೆಗೆದೆ, ತೆಗೆದದ್ದನ್ನು ಯಾರಿಗೂ ತಿಳಿಸಲಿಲ್ಲ, ಮರೆತೆ, ವಿದ್ಯಾರ್ಥಿನಿ ಕೇಳಿದಾಗ ಗಮನ ಕೊಡಲಿಲ್ಲ. ಹೆಸರು, ಹುದ್ದೆ, ಪ್ರಭಾರ ಎಂಬುದರ ಸಮೇತ. ಪೆನ್ಸಿಲ್ ಸಾಲಿನ ಪುಟವನ್ನೂ ಜೆರಾಕ್ಸ್ ಮಾಡಿಸಿ ಲಗತ್ತಿಸಿದೆ. ಆ ಸಂಜೆ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಸೌಭಾಗ್ಯಳಿಗೆ ಕಾಫಿ ಕೊಡಿಸಿ ಕ್ಷಮೆ ಕೇಳಿದೆ. ಆಕೆ ನಕ್ಕು, ಬುಡಿ ಸಾ, ಎಂದಳು.

ಇಲ್ಲಿಗೆ ಮುಗಿಸಿದರೆ ಕಥೆ ಚೆನ್ನಾಗಿರುತ್ತದೆ. ಮುಗಿಯಲಿಲ್ಲ. ಸಮಿತಿ ನನ್ನ ಎರಡೂ ಪತ್ರಗಳನ್ನು ಮುಂದಿಟ್ಟುಕೊಂಡು, ಮೊದಲನೆಯದು ಸುಳ್ಳೋ ಎರಡನೆಯದು ವಿದ್ಯಾರ್ಥಿನಿಯನ್ನು ಉಳಿಸಲು ಬರೆದದ್ದೋ ಎಂದು ಅನುಮಾನಪಟ್ಟಿತು. ನಾನೂ ಅವರ ಜಾಗದಲ್ಲಿದ್ದರೆ ಪಡುತ್ತಿದ್ದೆ. ತೀರ್ಮಾನಕ್ಕೆ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಫೆಲೋಶಿಪ್ ಮುಗಿಯಿತು, ನೇಮಕಾತಿಯ ಅರ್ಜಿಯ ಕೊನೆಯ ದಿನವೂ ಕಳೆಯಿತು. ಅಂದು ಆಕೆ ನನ್ನನ್ನು ಕಂಡು ಮುಚ್ಚಿದ ಸ್ಕ್ರೀನಿನಲ್ಲಿ ಇದ್ದದ್ದು ಆ ನೇಮಕಾತಿಯ ಪ್ರಕಟಣೆ. ಭಾನುವಾರ ಫೈಲಿನಲ್ಲಿ ತಿದ್ದಿದ್ದು ಎಂದರೆ, ಅನುಮಾನ ಬಂದ ಇಪ್ಪತ್ಮೂರು ಸಾಲುಗಳಿಗೆ ಗುರುತು ಹಾಕಿದ್ದಷ್ಟೇ. ಆ ಎರಡು ನಿಜವಾದ ಗೆಲಾಕ್ಸಿಗಳ ಮೇಲೆ ಪ್ರಬಂಧ ಬರೆದು ಮುಂದಿನ ವರ್ಷ ಪಿಎಚ್.ಡಿ. ಪಡೆದಳು. ಈಗ ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಇನ್ನೂ ಅತಿಥಿ ಉಪನ್ಯಾಸಕಿಯಾಗಿಯೇ. ಎರಡನೆಯ ಪತ್ರದಿಂದ ಮೊದಲನೆಯದನ್ನು ಅಳಿಸಲು ಆಗುವುದಿಲ್ಲ.

ನಿವೃತ್ತಿಗೆ ಮೊದಲು ಉಳಿದಿದ್ದ ದಿನಗಳಲ್ಲಿ ನಾನು ಯಂತ್ರದ ಮುಂದೆ ಕೂತಾಗಲೆಲ್ಲ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ. ಮೊದಲ ದಿನ ನಾಗಮಲ್ಲಪ್ಪ ಪೆನ್ ಕೊಟ್ಟು, ನಾನು ಬರೆದದ್ದನ್ನು ಓದಿ, ಗಡಿಯಾರ ನೋಡಿ, "ಅತ್ತೂಕಾಲಲ್ಲ ಸಾ, ಅತ್ತೂವರೆ," ಎಂದು ತಿದ್ದಿಸಿದರು.

ಈ ಬರಹವನ್ನು ಪ್ರಕಟಣೆಗೆ ಕೊಡುವ ಮೊದಲು ಸೌಭಾಗ್ಯಳಿಗೆ ಕಳಿಸಿದೆ. ಒಂದು ವಾರದ ಮೇಲೆ ಅಂಚಿನಲ್ಲಿ ಪೆನ್ಸಿಲಿನ ಗುರುತುಗಳೊಂದಿಗೆ ವಾಪಸು ಬಂತು. ಹೆಚ್ಚಿನವು ಸಣ್ಣ ತಿದ್ದುಪಡಿಗಳು, ಸರಿಮಾಡಿದ್ದೇನೆ. ಒಂದನ್ನು ಮಾತ್ರ ಇದ್ದ ಹಾಗೇ ಕೊಡುತ್ತೇನೆ. "ಅವತ್ತು ಕಾಫಿ ಕುಡಿಯಲಿಲ್ಲ ಸರ್. ನೀವು ಕರೆದಿರಿ, ನಾನು ಬಸ್ ಇದೆ ಎಂದು ಹೊರಟೆ. ನಕ್ಕ ನೆನಪಿಲ್ಲ. ಕ್ಷಮೆ ಕೇಳಿದ್ದು ನಿಜ, ಆದರೆ ಡಿಸೆಂಬರಿನಲ್ಲಿ, ಫೋನಿನಲ್ಲಿ."

ಕಾಫಿಯ ರುಚಿ ನನಗೆ ಈಗಲೂ ನೆನಪಿದೆ. ಹೋಟೆಲಿನ ಆ ವಾಕ್ಯವನ್ನು ತೆಗೆದುಬಿಡೋಣ ಎನ್ನಿಸಿತು. ತೆಗೆಯಲಿಲ್ಲ. ಮೇಲೆ ಅದು ಇದೆ, ಇಲ್ಲಿ ಆಕೆಯ ಸಾಲು ಇದೆ. ಅಡ್ಡ ಬಂದ ಕಾಲಮನ್ನು ಅಳಿಸುವ ಕೆಲಸ ನಾನು ಒಮ್ಮೆ ಮಾಡಿದ್ದೇನೆ.